ಆಚಾರ್ಯರ ಕಿವಿಯೂ ಹನ್ನೆರಡು ಲೀಟರಿನ ಯಂತ್ರವೂ

ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಬಡಗಿ ಲಕ್ಷ್ಮಣಾಚಾರ್ಯರ ಕಿವಿಗಿದ್ದ ಕೀರ್ತಿ ಎಷ್ಟೋ ಸಂಗೀತ ವಿದ್ವಾಂಸರ ಕಂಠಕ್ಕೂ ಇರಲಿಲ್ಲ. ಹಲಗೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಣ್ಣು ಮುಚ್ಚಿ, ‘ಆರಿದೆ’ ಎಂದರೆ ಅದು ಆರಿದ ಮರ. ‘ಹಸಿ’ ಎಂದರೆ ಹಸಿ. ಆ ಕಿವಿಗೆ ಅರವತ್ತೆಂಟು ವರ್ಷವಾಗಿತ್ತೆಂಬುದನ್ನೂ, ಅವರ ಮನೆಯ ಟಿವಿಯ ಸದ್ದು ಈಚೆಗೆ ರಸ್ತೆಯ ಆಚೆಗೂ ಕೇಳುತ್ತಿತ್ತೆಂಬುದನ್ನೂ ಯಾರೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಶೀಳನೆರೆಯ ಕೆಂಪಣ್ಣ ಹೊಸ ಮನೆಗೆ ತೇಗದ ತಲೆಬಾಗಿಲು ಬೇಕೆಂದು ಬಂದಾಗ, ಆಚಾರ್ಯರು ಮನೆಯಲ್ಲೇ ಮರ ಪೇರಿಸಿಡುತ್ತಿದ್ದ ಕೋಣೆಗೆ ಕರೆದೊಯ್ದು ಹಲಗೆಗಳನ್ನು ತಟ್ಟಿ ತೋರಿಸಿದರು.

“ಅಸಿ ಗಿಸಿ ಇದ್ದಾತು ಆಚಾರ್ರೆ. ನಮ್ ಬಾವುನ್ ಮನೆ ಬಾಗ್ಲು ಸೊಟ್ಟಾಗಿ, ಸಂದೀಲೇ ನಾಯಿ ಒಳೀಕೆ ಬತ್ತದೆ.”

“ಮೂರು ವರ್ಸ ಆರಿರೋ ಮರ ಗೌಡ್ರೆ. ಈ ಕಿವಿ ಸುಳ್ಳು ಯೋಳಿದ್ರೆ ನಾನು ಉಳಿ ಇಡಿಯಾಕಿಲ್ಲ.”

ಮೂರು ವರ್ಷವೆಂಬುದು ಮರದ ಮಿಲ್ಲಿನವನ ಮಾತು; ಅದಕ್ಕೆ ಮೊಹರು ಒತ್ತಿದ್ದು ಮಾತ್ರ ಕಿವಿ. ಶ್ರಾವಣದ ಎರಡನೆಯ ಶುಕ್ರವಾರ ಗೃಹಪ್ರವೇಶವೆಂದು ಹೇಳಿ ಕೆಂಪಣ್ಣ ನಿಶ್ಚಿಂತನಾಗಿ ಹೊರಟುಹೋದ.

ಇತ್ತ ಮನೆಯೊಳಗೆ ಬೇರೆಯೇ ಸಂಕಟ ನಡೆದಿತ್ತು. ಹಿತ್ತಲಿನಾಚೆಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವಾಗ ಏಳುವ ಮಸಿ, ತಾರಸಿಯ ಮೇಲೆ ಒಣಹಾಕಿದ ಬಟ್ಟೆಯನ್ನೇ ಹುಡುಕಿಕೊಂಡು ಬಂದು ಕೂರುತ್ತಿತ್ತು. ಸೊಸೆ ಸೌಮ್ಯಶ್ರೀ ನರ್ಸಿಂಗ್ ಹೋಮಿನಲ್ಲಿ ನರ್ಸು. ಅವಳ ಬಿಳಿಯ ಸಮವಸ್ತ್ರದ ಮೇಲೆ ದಿನವೂ ಕರಿಯ ಚುಕ್ಕಿ. ಒಳಗೆ ಹರವಿದರೆ ಮಳೆಗಾಲದ ಮುಗ್ಗಲು ವಾಸನೆ. ಆಚಾರ್ಯರು ಇದಕ್ಕೆ ಉಚಿತವಾಗಿ ಸೂಚಿಸಿದ ಪರಿಹಾರ ಸಾಂಬ್ರಾಣಿ ಹೊಗೆ.

“ರೋಗಿಗಳು ನನ್ನ ನೋಡಿ ಕೈ ಮುಗೀತಾರೆ ಮಾವ, ಪೂಜೆಯಿಂದ ಎದ್ದು ಬಂದವ್ಳೆ ಅಂತ,” ಎಂದಳು ಸೌಮ್ಯಶ್ರೀ. ಗಾಳಿಯ ತೇವ ಹೀರುವ ಯಂತ್ರವೊಂದಿದೆಯೆಂದೂ, ತನ್ನ ಸಂಬಳದಲ್ಲೇ ಕೊಳ್ಳುವೆನೆಂದೂ ಹೇಳಿದಳು. ಆರಿಸುವ ಭಾರವನ್ನು ಮಾತ್ರ ಆಚಾರ್ಯರು, ಯಾರೂ ಹೊರಿಸದಿದ್ದರೂ, ತಾವೇ ಹೊತ್ತರು.

ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಅವರ ಕಣ್ಣು ಮೊದಲು ಬಿದ್ದದ್ದು ಚೊಂಬಿನಷ್ಟೇ ಇದ್ದ, ಅತಿ ಅಗ್ಗದ ಯಂತ್ರದ ಮೇಲೆ.

“ಅದು ಬೀರುವಿನೊಳಗೆ ಇಡೋಕೆ ಸ್ವಾಮಿ,” ಎಂದ ಅಂಗಡಿಯ ಶಿವಶಂಕರ್. “ದಿನಕ್ಕೆ ಅರ್ಧ ಲೋಟ ನೀರು ಎಳೀತದೆ. ನಿಮ್ಮದೊಂದು ಪಂಚೆ ಒಣಗೋಕೆ ಯುಗಾದಿ ಬರ್ಬೇಕು. ಮೂವತ್ತು ಲೀಟ್ರದ್ದು ಗೋಡೌನಿಗೆ. ನಾಲ್ಕು ಜನದ ಬಟ್ಟೆಗೆ ಹನ್ನೆರಡು ಲೀಟ್ರದ್ದು ಸರಿ.”

ಆಚಾರ್ಯರು ಹನ್ನೆರಡು ಲೀಟರಿನದನ್ನು ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿದರು. “ಒಳಗೆ ಟೊಳ್ಳು.”

“ನೀರು ತುಂಬೋ ತೊಟ್ಟಿ ಅದೇ ಸ್ವಾಮಿ. ಒಂದು ಮಾತು: ಕೋಣೆ ಬಿಗಿಯಾಗಿ ಮುಚ್ಚಿರ್ಬೇಕು. ತೆಗೆದಿಟ್ರೆ ನಿಮ್ಮ ಬಟ್ಟೆ ಬಿಟ್ಟು ಲೋಕಪಾವನಿ ಹೊಳೇನೇ ಒಣಗಿಸ್ತಾ ಕೂತಿರ್ತದೆ.”

ಬಿಗಿಯಾಗಿ ಮುಚ್ಚುವ ಕೋಣೆ! ತಾಲ್ಲೂಕಿಗೆಲ್ಲ ಬಾಗಿಲು ಮಾಡಿಕೊಟ್ಟ ಮಹನೀಯರ ಸ್ವಂತ ಮನೆಯಲ್ಲಿ ಒಂದು ಬಾಗಿಲಿಗೆ ಚಿಲಕವಿಲ್ಲ, ಇನ್ನೊಂದು ನೆಲ ಕೆರೆಯುತ್ತದೆ. ಕೂದಲೆಳೆಯೂ ತೂರದಂತೆ ಮುಚ್ಚುತ್ತಿದ್ದುದು, ಮೂವತ್ತು ವರ್ಷದ ಹಿಂದೆ ಅವರೇ ಹೊನ್ನೆಮರದಲ್ಲಿ ಮಾಡಿದ, ಮರದ ಕೋಣೆಯ ಬಾಗಿಲೊಂದೇ. ಯಂತ್ರ ಅಲ್ಲಿಗೇ ಹೋಯಿತು. ತೇಗದ ಹಲಗೆಗಳ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿದರು. ಎರಡೇ ದಿನಕ್ಕೆ ಸಮವಸ್ತ್ರ ಗರಿಗರಿ. ಆಚಾರ್ಯರು ತಮ್ಮ ಆಯ್ಕೆಯನ್ನು ತಾವೇ ಮೆಚ್ಚಿಕೊಂಡರು, ಬೇರೆ ಯಾರೂ ಮುಂದೆ ಬರದಿದ್ದುದರಿಂದ.

ಆದರೆ ಬಟ್ಟೆ ಹಾಕದ ದಿನವೂ ತೊಟ್ಟಿ ತುಂಬತೊಡಗಿತು. ಯಂತ್ರದ ಮುಖದ ಮೇಲಿನ ಅಂಕಿಯನ್ನು ಸೌಮ್ಯಶ್ರೀ ರೋಗಿಯ ಜ್ವರ ನೋಡುವವಳಂತೆ ನೋಡಿದಳು.

“ತೇವ ಎಂಬತ್ತರಿಂದ ಇಳೀತಿಲ್ಲ ಮಾವ. ಬಟ್ಟೆ ಇಲ್ಲ, ಆದ್ರೂ ನೀರು. ಕೋಣೇಲಿ ಇನ್ಯಾರೋ ಒದ್ದೆ ಅವ್ರೆ.”

ಆಚಾರ್ಯರು ಅಂಗಡಿಗೆ ಫೋನು ಮಾಡಿ ಯಂತ್ರಕ್ಕೆ ಬುದ್ಧಿಭ್ರಮಣೆಯಾಗಿದೆಯೆಂದು ಸಾರಿದರು.

“ಕೋಣೇಲಿ ಬೇರೆ ಏನೈತೆ ಸ್ವಾಮಿ?”

“ಮರ. ಒಣಗಿದ ಮರ.”

“ಹಂಗಾದ್ರೆ ನಿಮಗೇ ಗೊತ್ತು,” ಎಂದು ಶಿವಶಂಕರ್ ಅತಿ ವಿನಯದಿಂದ ಫೋನು ಇಟ್ಟ.

ಮಾಡಿ ಮುಗಿಸಿ ಅದೇ ಕೋಣೆಯ ಗೋಡೆಗೊರಗಿಸಿದ್ದ ಕೆಂಪಣ್ಣನ ಬಾಗಿಲ ಬಳಿ ಆಚಾರ್ಯರು ಹೋದರು. ಬೆಸುಗೆಯಂತೆ ಕೂಡಿಸಿದ್ದ ಎರಡು ಹಲಗೆಗಳು ತೇವ ಕಳೆದುಕೊಂಡು ಕುಗ್ಗಿ, ನಡುವೆ ಬೆಳಕಿನ ಗೆರೆಯೊಂದು ಮೂಡಿತ್ತು. ಗೆಣ್ಣಿನಿಂದ ತಟ್ಟಿದರು. ಕಿವಿ ಎಂದಿನ ಗಾಂಭೀರ್ಯದಿಂದ ‘ಆರಿದೆ’ ಎಂದಿತು. ಮತ್ತೊಮ್ಮೆ ತಟ್ಟಲು ಅವರಿಗೆ ಧೈರ್ಯ ಬರಲಿಲ್ಲ. ಸದ್ದಿಲ್ಲದೆ ಮರದ ಪುಡಿಯನ್ನು ಗೋಂದಿನಲ್ಲಿ ಕಲಸತೊಡಗಿದರು.

“ಏನು ಕಲಸ್ತಾ ಇದ್ದೀರಿ? ಕಡುಬಿಗೆ ಇಟ್ಟಾ?” ಎಂದರು ಹೆಂಡತಿ ಲಲಿತಮ್ಮ, ಬಾಗಿಲಲ್ಲಿ ನಿಂತು. ಆಕೆ ಬೆಳಕಿನ ಗೆರೆಯನ್ನು ನೋಡಿ, ಗಂಡನ ಮುಖ ನೋಡಿ, ಒಳಗೆ ಹೋದರು. ನಲವತ್ತೈದು ವರ್ಷದಲ್ಲಿ ಅವರು ಒಂದೇ ಪ್ರಶ್ನೆಗೆ ನಿಲ್ಲಿಸಿ ಹೋದದ್ದು ಅದೇ ಮೊದಲು.

ಸಂದು ತುಂಬಿ ಒರೆಸುವಷ್ಟರಲ್ಲಿ ಕೆಂಪಣ್ಣ ಬಂದ. ಬಾಗಿಲು ಕೂರಿಸುವ ಆಚಾರಿಗೆ ಮೊದಲ ಮರ್ಯಾದೆ ಸಲ್ಲಬೇಕಲ್ಲ. ಪಂಚೆ, ಶಲ್ಯವನ್ನು ಮೊದಲೇ ಕೊಂಡು ತೋರಿಸಲು ತಂದಿದ್ದ.

“ಬ್ಯಾರೆ ಆಚಾರಿ ಕಮ್ಮಿ ಕೇಳ್ದ. ನಾನ್ ಓಗ್ನಿಲ್ಲ. ಮಿಸೀನು ಸುಳ್ಳಾಡ್ಬೋದು, ನಮ್ ಆಚಾರ್ರ ಕಿವಿ ಆಡಾಕಿಲ್ಲ ಅಂತ ಊರ್ಗೆಲ್ಲ ಯೋಳಿವ್ನಿ.”

ಪಂಚೆಯ ಅಂಚು ಅಗಲವಾಗಿತ್ತು, ಒಳ್ಳೆಯದಾಗಿತ್ತು. ಆಚಾರ್ಯರು ಅದನ್ನು ಮುಟ್ಟಲಿಲ್ಲ. ಉಳಿ ತೆಗೆದುಕೊಂಡು, ಇನ್ನೂ ಹಸಿಯಾಗಿದ್ದ ಗೋಂದನ್ನು ಮೇಲಿನಿಂದ ಕೆಳಗಿನವರೆಗೂ ಕೆರೆದು ತೆಗೆದರು. ಬೆಳಕಿನ ಗೆರೆ ಮತ್ತೆ ಮೂಡಿತು.

“ಬಾಗ್ಲು ಅಸಿ ಗೌಡ್ರೆ.”

“ಅಸಿನಾ! ಎಂಟು ದಿನಕ್ಕೆ ಗೃಹಪ್ರವೇಸ ಕಣ್ರೀ! ಕಿವಿ ಏನಾತು?”

“ವಯಸ್ಸಾತು. ಮಿಸೀನು ಯೋಳ್ತು.”

ಕೆಂಪಣ್ಣ ಹಲಗೆಯ ಮೇಲೆ ಕುಸಿದು ಕೂರಲು ಹೋದವನು, ಅರ್ಧಕ್ಕೇ ಎದ್ದು ಕೇಳಿದ: “ಇದಾದ್ರೂ ಒಣಗೈತಾ?”

ಆಚಾರ್ಯರು ಕೋಣೆಯ ಹೊನ್ನೆ ಬಾಗಿಲಿನ ಕೀಲು ಕಳಚಿದರು.

“ಇದ್ನ ತಗೊಂಡೋಗಿ. ನಿಮ್ ಚೌಕಟ್ಟಿಗೆ ನಾಲ್ಕು ಬೆರಳು ತರೀತೀನಿ.”

“ಒಸ ಮನೆಗೆ ಅಳೇ ಬಾಗ್ಲಾ?”

“ಮೂವತ್ತು ವರ್ಸದ್ದು. ನನ್ ಕಿವಿ ನಂಬಬ್ಯಾಡಿ; ಮಿಸೀನ್ ಮುಂದೆ ಇಕ್ಕಿ ನೋಡಿ.”

ಶುಕ್ರವಾರ ಶೀಳನೆರೆಯಲ್ಲಿ ಆ ಬಾಗಿಲು ಒಂದು ಕಿರ್ರೂ ಎನ್ನದೆ ಮುಚ್ಚಿತು. ಆಚಾರ್ಯರಿಗೆ ಪಂಚೆ, ಶಲ್ಯ, ತಾಂಬೂಲ ಸಂದವು. ಕೆಂಪಣ್ಣ ಬಂದವರಿಗೆಲ್ಲ, ನಮ್ಮ ಆಚಾರ್ರು ಮಿಸೀನಿನಲ್ಲಿ ಪರೀಕ್ಷೆ ಮಾಡಿಸಿ ಕೊಡುತ್ತಾರೆಂದು ಸಾರಿದ. ಆ ವಾರವೇ ಇಬ್ಬರು ಹೊಸ ಗಿರಾಕಿಗಳು ಬಂದರು. ಇಬ್ಬರೂ ಕಿವಿಯ ಸುದ್ದಿ ಎತ್ತಲಿಲ್ಲ. ಮಿಸೀನು ಏನಂತು ಎಂದು ಕೇಳಿದರು.

ಮರದ ಕೋಣೆಗೆ ಈಗ ಕಂಬಳಿಯ ಪರದೆ. ಯಂತ್ರ ಲೋಕಪಾವನಿಯನ್ನು ಶ್ರದ್ಧೆಯಿಂದ ಒಣಗಿಸುತ್ತಿದೆ. ಪ್ರತಿ ಬೆಳಿಗ್ಗೆ ತೊಟ್ಟಿಯನ್ನು ಹಿತ್ತಲಿಗೆ ಹೊತ್ತು ಸುರಿಯುವವರು ಆಚಾರ್ಯರು. ಸಮವಸ್ತ್ರ ಹಗ್ಗದ ಮೇಲೆ ತೊಟ್ಟಿಕ್ಕುತ್ತಿರುತ್ತದೆ.

“ಕೋಣೆ ಬಾಗ್ಲು ಯಾವಾಗ ಮಾವ?”

“ಮರ ಒಣಗ್ಲಿ ಕಣವ್ವ, ಮಾಡ್ತೀನಿ.”

“ಮರ ಒಣಗೋಕೆ ಬಾಗ್ಲು ಬೇಕಲ್ಲ ಮಾವ?”

ಆಚಾರ್ಯರಿಗೆ ಆ ಮಾತು ಕೇಳಿಸಲಿಲ್ಲ. ಕಿವಿಗೆ ವಯಸ್ಸಾದುದರಿಂದ ಇಂಥ ಕೆಲವು ಅನುಕೂಲಗಳೂ ಇವೆ.