ಯಹ್ಯಾನ ಹೆಸರಿನ ಪೊಟ್ಟಣ

2019ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ನನ್ನಣ್ಣ ಬೀರಾನ್ ನಮ್ಮೂರ ಅಂಚಿನ ವಿಮಾನ ನಿಲ್ದಾಣದ ಗೋಡೆ ಹಾರಿ ರನ್‌ವೇ ಕಡೆಗೆ ನಡೆದ. ಕೈಯಲ್ಲಿ ಬಟ್ಟೆ ಸುತ್ತಿ ಹೊಲಿದ ಪೊಟ್ಟಣವಿತ್ತು. ನಾನಾಗ ಶಾಲೆಯಲ್ಲಿ ಮಕ್ಕಳಿಗೆ ಲೋಲಕದ ಪ್ರಯೋಗ ಮಾಡಿಸುತ್ತಿದ್ದೆ. ಹೊರಬರುವಷ್ಟರಲ್ಲಿ ಸ್ಟಾಫ್‌ರೂಮಿನ ಫೋನುಗಳಲ್ಲೆಲ್ಲ ಆ ವಿಡಿಯೊ.

“ಬಾಂಬಂತೆ! ಅಲ್ಲೇ ಗುಂಡಿಕ್ಕಬೇಕಿತ್ತು.”

“ಹುಚ್ಚನ ನಾಟಕ ಕಣ್ರೀ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಹುಚ್ಚರೇ.”

ಮುಖ ಗುರುತಿಸಿದ ಒಬ್ಬರು ಮಾತ್ರ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪೊಟ್ಟಣದಲ್ಲಿದ್ದದ್ದು ಮಾವಿನ ಉಪ್ಪಿನಕಾಯಿ, ಹುರಿದ ಮಾಂಸ, ಬಾಳೆಕಾಯಿ ಚಿಪ್ಸು. ಹೊಲಿದವಳು ನಾನೇ.

ನಮ್ಮೂರಿನಿಂದ ಯಾರು ಗಲ್ಫಿಗೆ ಹೊರಟರೂ ಹಿಂದಿನ ಸಂಜೆ ಅವರ ಜಗಲಿಯಲ್ಲಿ ಸ್ಪ್ರಿಂಗ್ ತಕ್ಕಡಿ ತೂಗುಹಾಕುತ್ತಾರೆ. ಅಕ್ಕಪಕ್ಕದವರು ತಂತಮ್ಮವರಿಗೆಂದು ಪೊಟ್ಟಣ ತಂದು ತೂಗಿಸುತ್ತಾರೆ. ಬೀರಾನ್ ಒಂಬತ್ತು ವರ್ಷಗಳಿಂದ ನಮ್ಮ ತಮ್ಮ ಯಹ್ಯಾನಿಗೆ ಕಳಿಸುತ್ತಿದ್ದ. ಒಂಬತ್ತು ವರ್ಷಗಳ ಹಿಂದೆ ಸೌದಿಯ ದಮ್ಮಾಮಿನ ತನ್ನ ಕೋಣೆಯಿಂದ ಒಂದು ದಿನ ಹೊರಹೋದ ಯಹ್ಯಾ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ತಮ್ಮ ಕರೆಯುವುದು ಬೀರಾನನ ಕಿವಿಗೆ ಕೇಳಿಸತೊಡಗಿದ್ದು ಆ ವರ್ಷವೇ. ಒಯ್ದವರು ಅಲ್ಲಿ ಹಂಚಿಕೊಂಡು ತಿಂದು, “ಯಹ್ಯಾಗೆ ಮುಟ್ಟಿಸಿದೆ” ಎಂದು ಫೋನ್ ಮಾಡುತ್ತಿದ್ದರು. ಹಾಗೆ ಹೇಳಿ ಎಂದು ಬೇಡಿಕೊಂಡವಳು ನಾನು. ಅಣ್ಣ ನೆಮ್ಮದಿಯಿಂದಿದ್ದರೆ ಸಾಕಿತ್ತು.

ಆ ಬೆಳಿಗ್ಗೆ ಹೊರಟಿದ್ದವನು ನೆರೆಮನೆಯ ಹಂಸಕ್ಕೋಯ. ಕೌಂಟರಿನಲ್ಲಿ ತೂಕ ಹೆಚ್ಚಾಯಿತು. ತಿನ್ನುವವನಿಲ್ಲದ ಪೊಟ್ಟಣವನ್ನೇ ತೆಗೆದು, ತನ್ನನ್ನು ಬಿಡಲು ಬಂದಿದ್ದ ಜೀಪಿನವನಿಗೆ ಕೊಟ್ಟ. ಏನೂ ತಿಳಿಯದ ಜೀಪಿನವನು ಊರಿಗೆ ಮರಳಿ ಅದನ್ನು ನೇರವಾಗಿ ಬೀರಾನನ ಕೈಗಿತ್ತ.

“ಬಾಂಬ್ ಹುಡುಕೋ ನಾಯಿ ಮೂಸಿ ನೋಡಿ ಬಾಲ ಅಲ್ಲಾಡಿಸ್ತು ಟೀಚರೇ,” ಎಂದರು ಇನ್‌ಸ್ಪೆಕ್ಟರ್. ನಾನು ಒಯ್ದಿದ್ದ ಡಾಕ್ಟರರ ಚೀಟಿಗಳನ್ನು ಒಂದೊಂದಾಗಿ ಓದಿ ಅಣ್ಣನನ್ನು ಆಸ್ಪತ್ರೆಗೆ ಕಳಿಸಿದರು. ಟೀವಿಯವರು ನಾಯಿಯ ಸುದ್ದಿ ಹೇಳಲಿಲ್ಲ. ಚಹಾದಂಗಡಿಯಲ್ಲಿ ಮಾತ್ರ ನಗೆ ತಿಂಗಳು ಕಳೆದರೂ ಮುಗಿಯಲಿಲ್ಲ: “ಟಿಕೆಟ್ಟೂ ಬೇಡ, ವೀಸಾನೂ ಬೇಡ, ಗೋಡೆ ಹಾರಿದ್ರೆ ಗಲ್ಫು!”

ಐದು ವಾರದ ಬಳಿಕ ಮನೆಗೆ ಬಂದವನು ಮೊದಲು ಕೇಳಿದ್ದು, “ಇನ್ನು ಯಾರು ಹೋಗ್ತಿದಾರೆ ರುಖಿಯಾ?”

ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ. “ಇಕ್ಕಾ, ಒಂದು ಪೊಟ್ಟಣವೂ ಯಹ್ಯಾಗೆ ಮುಟ್ಟಿಲ್ಲ. ಸುಳ್ಳು ಹೇಳಿಸಿದ್ದು ನಾನು.” ಅವನು ಮತ್ತೆ ಗೋಡೆಯ ಕಡೆ ಓಡುವನೇನೋ ಎಂದು ಬಾಗಿಲಿಗೆ ಅಡ್ಡ ನಿಂತೆ.

ಅವನು ಕೂತಲ್ಲಿಂದ ಏಳಲಿಲ್ಲ. “ನೀನು ಉಪ್ಪಿನಕಾಯಿಗೆ ಯಾವಾಗ್ಲೂ ಉಪ್ಪು ಜಾಸ್ತಿ ಹಾಕ್ತೀಯ. ಒಂಬತ್ತು ವರ್ಷದಲ್ಲಿ ಒಂದು ಸಲನೂ ಅಲ್ಲಿಂದ ಬೈಗುಳ ಬರಲಿಲ್ಲ. ಯಹ್ಯಾ ತಿಂದಿದ್ರೆ ಸುಮ್ನಿರ್ತಿದ್ನಾ?”

“ಗೊತ್ತಿದ್ದೂ ಯಾಕೆ ಕಳಿಸ್ತಿದ್ದೆ?”

“ಅವನ ಹೆಸರಾದ್ರೂ ಆ ಕಡೆ ಹೋಗ್ತಾ ಇರ್ಲಿ ಅಂತ. ಅವತ್ತು ಅದೂ ವಾಪಸ್ ಬಂತು ನೋಡು.”

ಗುರುವಾರ ಸಂಜೆ ಎದುರುಮನೆಯ ಉಮ್ಮರನ ಜಗಲಿಯಲ್ಲಿ ತಕ್ಕಡಿ ತೂಗುತ್ತಿತ್ತು. ನಾವಿಬ್ಬರೂ ಹೊಸ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿದಾಗ ಎಲ್ಲರೂ ನಮ್ಮತ್ತ ತಿರುಗಿದರು. ಚಹಾದಂಗಡಿಯಲ್ಲಿ ನಕ್ಕವರೂ ಅಲ್ಲಿದ್ದರು.

“ಇದನ್ನ ತಿನ್ನೋಕೆ ಅಲ್ಲಿ ಯಾರೂ ಇಲ್ಲ,” ಎಂದೆ. “ಗೊತ್ತಿದ್ದೇ ತಂದಿದೀವಿ.”

ಉಮ್ಮರ್ ತನ್ನ ಪೆಟ್ಟಿಗೆಯನ್ನೊಮ್ಮೆ ನೋಡಿದ. ಒಳಗಿಂದ ತನ್ನದೇ ಒಂದು ಜೊತೆ ಬೂಟು ತೆಗೆದು ಪಕ್ಕಕ್ಕಿಟ್ಟ. “ಕೊಡಿ ಬೀರಾನಿಕ್ಕಾ. ಹೆಸರು ದಪ್ಪಕ್ಕೆ ಬರೆದಿದೀರಾ ತಾನೆ?”

ಅಣ್ಣ ತಾನೇ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಲ್ಲುವವರೆಗೂ ಕೈ ಕಟ್ಟಿ ಕಾದ. ಒಂದು ಕಿಲೋ ಎಂಟುನೂರ ಐವತ್ತು ಗ್ರಾಂ.