ಹಸಿರು ಚುಕ್ಕೆಯ ಪೆನ್ನಿಗಳು

“ಬಂದ್ಯಾ, ಚಿಲ್ರೆ ತಿರುಕ? ನಿನ್ನ ಕಸ ಸುರಿಯೋಕೆ ನಮ್ಮ ಬ್ಯಾಂಕೇ ಬೇಕಿತ್ತಾ?” ಕೌಂಟರಿನ ವರ್ನಾ ಸಾಲಿಗೆಲ್ಲ ಕೇಳುವಂತೆ ಕೂಗಿದಳು.

ಸಾಲು ನಕ್ಕಿತು. ನನ್ನ ಮೈ ಉರಿಯಿತು. ಓಹಾಯೋದ ಈ ಮೂಲೆಯಲ್ಲಿ ನನಗೆ ಪೆನ್ನಿಗಳ, ಅಂದರೆ ಒಂದು ಸೆಂಟಿನ ನಾಣ್ಯಗಳ, ಪೆಟ್ಟಿಗೆ ಕೊಡುವುದು ಇದೊಂದೇ ಬ್ಯಾಂಕು. ೧೯೮೨ಕ್ಕಿಂತ ಹಿಂದಿನ ಪೆನ್ನಿಗಳು ತಾಮ್ರದವು. ಅವನ್ನು ಆರಿಸಿ ತೂಕಕ್ಕೆ ಮಾರುವುದು ನನ್ನ ಕಸುಬು. ಉಳಿದ ಸತುವಿನ ಪೆನ್ನಿಗಳು ಮತ್ತೆ ಕೈಗೆ ಬಂದರೆ ಗುರುತು ಸಿಗಲೆಂದು ಹಸಿರು ಚುಕ್ಕೆಯಿಟ್ಟು ಮೂವತ್ತು ಮೈಲಿ ಆಚೆಯ ಬ್ಯಾಂಕಿಗೆ ಕಟ್ಟುತ್ತೇನೆ. ತಂದಲ್ಲಿಗೇ ತಿರುಗಿ ಸುರಿದರೆ ಮತ್ತೆ ಪೆಟ್ಟಿಗೆ ಸಿಗುವುದಿಲ್ಲ. ಅಷ್ಟು ದಡ್ಡ ನಾನಲ್ಲ.

“ನಾನು ಸುರಿದಿಲ್ಲ ಮೇಡಂ. ಬೆಳಿಗ್ಗೆಯಿಂದ ಶೆಡ್ಡಲ್ಲೇ ಇದ್ದೆ.”

ಅವಳು ಒಂದು ಚೀಲವನ್ನು ಕೌಂಟರಿನ ಮೇಲೆ ಕುಕ್ಕಿದಳು. ಒಳಗಿದ್ದ ಪ್ರತಿ ಪೆನ್ನಿಗೂ ನನ್ನ ಹಸಿರು ಚುಕ್ಕೆಯಿತ್ತು. ಶಾಯಿ ಇನ್ನೂ ಬೆರಳಿಗೆ ಅಂಟುತ್ತಿತ್ತು.

“ಬಾಗಿಲು ತೆಗೆದ ತಕ್ಷಣ ನೀನೇ ಹೊತ್ಕೊಂಡು ಬಂದ್ಯಲ್ಲೋ!”

“ನಾನೇ ಬಾಗಿಲು ಹಿಡ್ಕೊಂಡೆ,” ಎಂದ ಹಿಂದೆ ನಿಂತಿದ್ದ ಮುದುಕ ಓಟಿಸ್. “ಒಂದು ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ, ಮಹಾರಾಯ.”

ನಾನು ರೇಗಿ ಬಾಯಿ ತೆರೆಯುವಷ್ಟರಲ್ಲಿ ವರ್ನಾ ಗಾಜಿನಾಚೆ ನಿಂತಿದ್ದ ನನ್ನ ಟ್ರಕ್ಕನ್ನು ನೋಡಿದಳು. ಅವಳ ದನಿ ಇಳಿದುಹೋಯಿತು.

“ರೋಯ್ಸ್, ನಿಂಗೆ ಅವಳಿ ತಮ್ಮ ಏನಾದ್ರೂ ಇದಾನೇನೋ?”

ನಾನೂ ನೋಡಿದೆ. ಸ್ಟೇರಿಂಗ್ ಹಿಡಿದು ಕೂತವನಿಗೆ ನನ್ನದೇ ಮುಖವಿತ್ತು. ಅವನ ಪಕ್ಕದಲ್ಲಿ ಇನ್ನೂ ನಾಲ್ಕು ಚೀಲಗಳಿದ್ದವು. ನನ್ನನ್ನು ಕಂಡು, ಬಾ ಎಂದು ಕೈ ಮಾಡಿದ.

ನಾನು ಪಕ್ಕದ ಬಾಗಿಲಿನಿಂದ ಹೊರಬಿದ್ದು, ಟ್ರಕ್ಕನ್ನು ಅಲ್ಲೇ ಬಿಟ್ಟು ನಡೆದುಬಿಟ್ಟೆ.