ಹನ್ನೆರಡು ಹಾಸಿಗೆಯ ವಾರ್ಡು

"ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು?" ಜಯದೇವಿ ಇಂಗ್ಲಿಷಿನಲ್ಲಿ ಕೇಳಿದರು.

ಕೋಟೆಯ ಹಳೆಯ ಸೇನಾ ಆಸ್ಪತ್ರೆಯನ್ನು ತೋರಿಸುತ್ತಿದ್ದ ಮುದುಕ ಗೈಡ್ ತನ್ನ ಬಾಣ-ಬಂದೂಕಿನ ಕತೆ ನಿಲ್ಲಿಸಿದ. "ಹೊಳೆಯಿಂದ, ಪೀಪಾಯಿಗಳಲ್ಲಿ. ಕುದುರೆಗಳೂ ಅಲ್ಲೇ ಕುಡಿಯುತ್ತಿದ್ದವು."

"ಹಾಗಾದರೆ ಇಲ್ಲಿ ಗುಂಡಿಗಿಂತ ಭೇದಿಗೇ ಹೆಚ್ಚು ಜನ ಸತ್ತಿರಬೇಕು."

ಗೈಡ್ ಅವರನ್ನು ನೆಟ್ಟ ನೋಟದಿಂದ ನೋಡಿದ. "ಹೌದು. ನಿಮಗೆ ಹೇಗೆ ಗೊತ್ತಾಯಿತು?"

"ನಮ್ಮವ್ವ ನರ್ಸ್ ಆಗಿದ್ದರು," ಮಗಳು ಮಧುಶ್ರೀ ಅವಸರದಲ್ಲಿ ಉತ್ತರಿಸಿದಳು. ಈ ಪರದೇಶದಲ್ಲಿ ತಾನು ನೆಲೆಸಿದ್ದ ಅಲೆನ್ ಊರಿನಿಂದ ಮೂರು ಗಂಟೆ ಡ್ರೈವ್ ಮಾಡಿ ಬಂದು ಅವಳಿಗೆ ಸುಸ್ತಾಗಿತ್ತು. ತಾಯಿಯ ಕೆಲಸದ ಬಗ್ಗೆ ಅವಳು ಯಾರಿಗೂ ಇದಕ್ಕಿಂತ ಹೆಚ್ಚು ಹೇಳಿದ್ದಿಲ್ಲ. ಧಾರವಾಡದಲ್ಲಿ ಅಜ್ಜಿಯ ಹತ್ತಿರ ಬೆಳೆದವಳು ಅವಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬರುತ್ತೇನೆಂದ ತಾಯಿ ಲಡಾಖಿನಿಂದ ಬರಲೇ ಇಲ್ಲ. ಹಿಮ ಬಿದ್ದು ರಸ್ತೆ ಮುಚ್ಚಿದೆ ಎಂದು ಒಂದು ಕಾಗದ ಬಂದಿತ್ತು.

"ಅಜ್ಜಿ, ಡಿಡ್ ಯೂ ವರ್ಕ್ ಇನ್ ಅ ಪ್ಲೇಸ್ ಲೈಕ್ ದಿಸ್?" ಮೊಮ್ಮಗಳು ಸಂಹಿತಾ ಕೇಳಿದಳು.

"ಹೂಂ, ಪುಟ್ಟಿ. ಹಿಂಗ ಸಣ್ಣ ದವಾಖಾನಿ, ಸುತ್ತಲೂ ಹಿಮ. ಒಂದ್ ವರ್ಷ ನೀರು ಕೆಟ್ಟು ನಲವತ್ತೊಂದು ಮಂದಿ ಸಿಪಾಯಿಗಳು ಭೇದಿ ಹತ್ತಿ ಮಲಗಿದ್ರು. ಹಿಮ ಕರಗಿಸಿ, ಕುದಿಸಿ, ಚಮಚದಿಂದ ಕುಡಿಸಿದ್ವಿ. ಹದಿನೇಳು ದಿವಸ. ಒಬ್ರೂ ಸಾಯಲಿಲ್ಲ ನೋಡು."

"ಯಾವ ವರ್ಷ ಅವ್ವಾ?" ಮಧುಶ್ರೀಯ ದನಿ ಸಣ್ಣದಾಗಿತ್ತು.

ಜಯದೇವಿ ವಾರ್ಡಿನೊಳಗಿನ ಮಂಚಗಳ ಕಡೆ ನೋಡಿದರು. "ನಿನ್ನ ಪರೀಕ್ಷಾ ವರ್ಷ."

"ರಸ್ತಾ ಬಂದ್ ಆಗೇತಂತ ಕಾಗದದಾಗ ಬರೆದಿದ್ದಿ."

"ರಸ್ತಾ ಬಂದ್ ಆಗಿದ್ದು ಖರೇನ. ಹೆಲಿಕಾಪ್ಟರ್ ಬಂದಿತ್ತು, ನನಗೂ ಒಂದು ಸೀಟ್ ಇತ್ತು. ಅದರಾಗ ನನ್ನ ಬದ್ಲಿ ಒಬ್ಬ ಸಿಪಾಯಿ ಹುಡುಗನ್ನ ಮಲಗಿಸಿ ಕಳಿಸಿದೆ. ಅಂವ ಉಳಿದ." ಅವರು ಮಗಳ ಮುಖ ನೋಡಲಿಲ್ಲ. "ಇದನ್ನ ನಿನಗ ಹೆಂಗ ಬರೀಲಿ? ಹದಿನೈದು ವರ್ಷದಾಕಿ ನೀ."

ಕನ್ನಡ ಅರ್ಥವಾಗದ ಗೈಡ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕಾಯುತ್ತಿದ್ದ. ಮಧುಶ್ರೀ ಅವನ ಕಡೆ ತಿರುಗಿದಳು.

"ನಾನು ಸರಿಯಾಗಿ ಪರಿಚಯಿಸಲಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ಇವರು ಮೇಜರ್ ಜಯದೇವಿ. ಭಾರತೀಯ ಸೇನೆಯ ನರ್ಸಿಂಗ್ ಅಧಿಕಾರಿಯಾಗಿದ್ದವರು. ನನ್ನ ತಾಯಿ."

ಮುದುಕ ಟೋಪಿ ತೆಗೆದ. ಆಮೇಲೆ ಪ್ರವಾಸಿಗರನ್ನು ತಡೆಯಲು ವಾರ್ಡಿನ ಬಾಗಿಲಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಪಕ್ಕಕ್ಕೆ ಸರಿದು ನಿಂತ.

ಜಯದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಎರಡು ಸಾಲಿನಲ್ಲಿದ್ದ ಹನ್ನೆರಡು ಕಬ್ಬಿಣದ ಮಂಚಗಳ ನಡುವೆ ನಿಧಾನವಾಗಿ ನಡೆದು, ಕೊನೆಯ ಮಂಚದ ಬಳಿ ನಿಂತರು. ಅದರ ಚಾದರ ಒಂದು ಕಡೆ ಜೋತುಬಿದ್ದಿತ್ತು. ಅವರು ಬಗ್ಗಿ ಅದರ ಅಂಚು ಹಿಡಿದರು. ಮಧುಶ್ರೀ ಆಚೆ ಬದಿಗೆ ಹೋಗಿ ಇನ್ನೊಂದು ಅಂಚು ಹಿಡಿದಳು.

"ಬಿಗೀ ಹಿಡಿ," ಎಂದರು ಜಯದೇವಿ.